ಬಾರುಕೋಲಿಲ್ಲದ ಸವಾರಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಕುದುರೆ ಇತ್ತು ಎಂದ ಕೂಡಲೇ ನೀವು ಎತ್ತರದ ಬಿಳಿ ಕುದುರೆಯನ್ನು ಕಲ್ಪಿಸಿಕೊಳ್ಳುತ್ತೀರಿ. ಹಾಗಲ್ಲ, ಅದೊಂದು ತಟ್ಟು, ಗಿಡ್ಡ ಜಾತಿಯ ಕುದುರೆ. ಬಣ್ಣ ಕಂದು ಎಂದು ನನ್ನ ನೆನಪು. ಬೂದು ಎಂದು ಅಕ್ಕ ಕೊನೆಯವರೆಗೂ ಜಗಳವಾಡುತ್ತಿದ್ದಳು. ಅದರ ಬೆವರಿನ ಹುಳಿವಾಸನೆ, ಹುರುಳಿ ಅಗಿಯುವ ಸದ್ದು ಮಾತ್ರ ಇಬ್ಬರಿಗೂ ಒಂದೇ ಥರ ನೆನಪಿತ್ತು.

ಅಪ್ಪ ಅದರ ಮೇಲೆ ಬಟ್ಟೆಯ ಗಂಟು ಹೇರಿಕೊಂಡು, ಸಾಲಗಾಮೆ ಪಕ್ಕದ ನಮ್ಮ ಹಳ್ಳಿಯಿಂದ ಹಾಸನದ ದಾರಿಯುದ್ದಕ್ಕೂ ಸೀರೆ, ರವಿಕೆ ಕಣ ಮಾರುತ್ತಿದ್ದ. ಗಿರಾಕಿಗಳ ಮನೆ ಬಂದರೆ ತಟ್ಟು ತಾನಾಗಿಯೇ ನಿಲ್ಲುತ್ತಿತ್ತು. ನಿಲ್ಲುವುದು ಬೇಡವೆನಿಸಿದ ದಿನ ಅಪ್ಪ ಬಾರುಕೋಲನ್ನು ಅದರ ಭುಜಕ್ಕೆ ಮೆತ್ತಗೆ ತಾಗಿಸುತ್ತಿದ್ದ. ತುದಿಗೆ ಚರ್ಮದ ಪಟ್ಟಿ ಕಟ್ಟಿದ ಮೋಟು ಬೆತ್ತ ಅದು. ಅದರಿಂದ ಅವನು ಹೊಡೆದದ್ದನ್ನು ನಾನು ಕಂಡಿಲ್ಲ. ಇಲ್ಲಿ ಬೇಡ, ಮುಂದೆ ನಡೆ ಎಂದು ಆ ತಟ್ಟಿಗೆ ತಿಳಿಯುತ್ತಿದ್ದುದು ಆ ಪಟ್ಟಿ ತಾಗಿದಾಗ ಮಾತ್ರ.

ಒಂದು ದಿನ ಅಕ್ಕನಿಗೆ ಹಾಸನದಲ್ಲಿ ಪರೀಕ್ಷೆಯಿತ್ತು. ಪಾಸಾದರೆ ಹೈಸ್ಕೂಲು. ನಮ್ಮೂರಿನ ಯಾವ ಹುಡುಗಿಯೂ ಅಲ್ಲಿಯವರೆಗೆ ಹೋಗಿರಲಿಲ್ಲ. ಅವತ್ತೇ ಬಸ್ಸು ಬರಲಿಲ್ಲ. ಅಪ್ಪನ ಕಾಲಿಗೆ ಮುಳ್ಳು ಚುಚ್ಚಿ ಕೀವು ತುಂಬಿತ್ತು. ದಿನವೂ ತಟ್ಟು ಹತ್ತಿ ಕೆರೆಗೆ ನೀರು ಕುಡಿಸಲು ಹೋಗುತ್ತಿದ್ದವಳು ಅಕ್ಕನೇ ಆದ್ದರಿಂದ ಅಪ್ಪ ಅವಳನ್ನೇ ಹತ್ತಿಸಿ, ಹಿಂದೆ ನನ್ನನ್ನು ಕೂರಿಸಿದ. ಅಕ್ಕ ಬಾರುಕೋಲಿಗೆ ಕೈಚಾಚಿದಳು.

“ಬ್ಯಾಡ ಕಣವ್ವ. ಹೆಣ್ಮಗ ಕೋಲು ಇಡ್ಕಂಡು ಕುದ್ರೆ ಮ್ಯಾಲೆ ಕುಂತ್ರೆ ಜನ ಏನಂದಾರು? ಅದು ದಾರಿ ಬಲ್ದು, ಓಗು,” ಎಂದ ಅಪ್ಪ.

ಇವೇ ಮಾತುಗಳೋ, ನಾನು ಆಮೇಲೆ ಜೋಡಿಸಿಕೊಂಡವೋ ಗೊತ್ತಿಲ್ಲ. ಕೋಲು ಕೊಡಲಿಲ್ಲ ಎಂಬುದು ಮಾತ್ರ ನಿಜ.

ತಟ್ಟು ದಾರಿಯನ್ನು ಚೆನ್ನಾಗಿಯೇ ಬಲ್ಲದಾಗಿತ್ತು. ಮೊದಲ ಗಿರಾಕಿಯ ಮನೆ ಬಂತು, ನಿಂತಿತು. ಸಗಣಿ ಸಾರಿಸುತ್ತಿದ್ದ ಹೆಂಗಸು ಕೈ ಒರೆಸಿಕೊಳ್ಳುತ್ತಾ ಬಂದಳು.

“ಏನ್ ಕೂಸೆ, ಅಪ್ಪ ನಿನ್ನ ಕಳ್ಸವ್ನಾ? ಅಸ್ರು ಬಣ್ಣದ ರವ್ಕೆ ಕಣ ತಂದಿದ್ದೀಯಾ?”

“ಇಲ್ಲ ಕಣಕ್ಕ, ಪರೀಕ್ಸೆಗೆ ಓಯ್ತಾ ಇವ್ನಿ!”

“ಅಂಗಂತ ನಿನ್ ಕುದ್ರೆಗೆ ಯೋಳವ್ವ, ಅದು ಯಾಪಾರಕ್ಕೆ ನಿಂತದೆ!”

ಅಕ್ಕ ಹಿಮ್ಮಡಿಯಿಂದ ಒತ್ತಿದಳು, ಬೇಡಿಕೊಂಡಳು, ಕೊನೆಗೆ ಇಳಿದು ಲಗಾಮು ಹಿಡಿದು ಎಳೆದಳು. ನಾಲ್ಕು ಹೆಜ್ಜೆ ಮುಂದೆ ಹೋಗಿ ಹತ್ತಿದರೆ ಮುಂದಿನ ಗಿರಾಕಿಯ ಮನೆ. ನಾನು ಬೇಲಿಯ ಕಡ್ಡಿ ಮುರಿದುಕೊಟ್ಟೆ. ಅದು ತಾಗಿದ್ದೇ ತಟ್ಟು ಕಿವಿ ಹಿಂದಕ್ಕೆ ಮಡಚಿ ಹಿಮ್ಮೆಟ್ಟಿತು. ಮನೆ ಮನೆಯ ಮುಂದೂ ಹೆಂಗಸರ ನಗು. ಕೊನೆಗೆ ಅಕ್ಕ ಲಗಾಮನ್ನು ನನ್ನ ಕೈಗೆ ಕೊಟ್ಟು, ಲಂಗ ಎತ್ತಿಕಟ್ಟಿ ಓಡಿದಳು.

ನಾನು ತಟ್ಟನ್ನು ಎಳೆದುಕೊಂಡು ತಲುಪಿದಾಗ ಅಕ್ಕ ಹೊತ್ತು ಮೀರಿ ಮುಚ್ಚಿದ್ದ ಶಾಲೆಯ ಗೇಟಿನ ಹೊರಗೆ ಹೊಂಗೆ ಮರದಡಿ ಕೂತಿದ್ದಳು. ಅತ್ತಿದ್ದಳೇ? ನನ್ನ ನೆನಪಿನಲ್ಲಿ ಅತ್ತಿಲ್ಲ. ಆ ನೆನಪನ್ನು ನಾನು ನಂಬುವುದಿಲ್ಲ. ಪರೀಕ್ಷೆ ಮುಗಿಸಿ ಬಂದ ಹುಡುಗಿಯೊಬ್ಬಳಿಂದ ಪ್ರಶ್ನೆಗಳನ್ನೆಲ್ಲ ಕೇಳಿಕೊಂಡಳು. ವಾಪಸು ಬರುವಾಗ ಒಂದೊಂದಕ್ಕೂ ಗಟ್ಟಿಯಾಗಿ ಉತ್ತರ ಹೇಳುತ್ತಾ ಬಂದಳು. ಮನೆಯ ಕಡೆ ಮುಖ ಮಾಡಿದ್ದ ತಟ್ಟು ಈಗ ಎಲ್ಲೂ ನಿಲ್ಲಲಿಲ್ಲ.

ಅಪ್ಪ ಕುಂಟುತ್ತಾ ಬಾಗಿಲಿಗೆ ಬಂದು, “ಎಂಗ್ ಬರ್ದೆ ಮಗ?” ಎಂದ.

“ಎಲ್ಲಾ ಗೊತ್ತಿತ್ತು ಕಣಪ್ಪ,” ಎಂದಳು ಅಕ್ಕ. ಉಳಿದದ್ದನ್ನು ಅಪ್ಪನಿಗೆ ಹೇಳಿದವನು ನಾನು. ಅವನು ಆ ರಾತ್ರಿ ಮುದ್ದೆ ಮುರಿಯಲಿಲ್ಲ.

ಮೊನ್ನೆ ನೀವು ಮೊಮ್ಮಕ್ಕಳು ಪರೀಕ್ಷೆಗೆ ಹೊರಟಾಗ ನಿಮ್ಮ ಅಪ್ಪ, ಅಮ್ಮ ಇಬ್ಬರೂ ರಜೆ ಹಾಕಿ ಕಾರಿನಲ್ಲಿ ಜೊತೆಗೆ ಬಂದರು. ನೀವು ಚೆನ್ನಾಗಿ ಬರೆಯಲಿಲ್ಲವೆಂದು ನಾನು ಪೇಚಾಡಿದರೆ, “ಬಿಡಿ ತಾತ, ಇನ್ನೊಂದ್ಸಲ ಬರೀಬಹುದು,” ಎಂದು ನಕ್ಕಿರಿ. ಆ ನಗು ನನಗೆ ಇಷ್ಟವಾಯಿತು. ಅಂದು ಇನ್ನೊಂದು ಸಲ ಪರೀಕ್ಷೆ ಬರುವಷ್ಟರಲ್ಲಿ ಅಕ್ಕ ಅರಕಲಗೂಡಿನ ಅತ್ತೆಮನೆಯಲ್ಲಿ, ತಲೆಯ ಮೇಲೆ ಸೆರಗು ಹೊದ್ದು, ಎಲ್ಲರಿಗೂ ಬಡಿಸುತ್ತಿದ್ದಳು.