ಹದಿನೈದು ನಿಮಿಷ ಕಾಯುತ್ತಿದ್ದ ಮನೆ

ಲಾಸ್ ಏಂಜಲೀಸ್‌ನಲ್ಲಿ ನನ್ನ ಕಾಲೇಜಿನಿಂದ ಬಸ್‌ಸ್ಟಾಪಿಗೆ ಹೋಗುವ ದಾರಿಯಲ್ಲಿ ಒಂದು ಇರಾನಿ ಅಂಗಡಿಯಿದೆ. ಯಾರಾದರೂ ಬಾಗಿಲು ತೆರೆದಾಗಲೆಲ್ಲ ಒಳಗಿನ ಗುಲಾಬಿ ನೀರಿನ ವಾಸನೆ ಫುಟ್‌ಪಾತಿನವರೆಗೂ ಬರುತ್ತದೆ. ಅದು ಮೂಗಿಗೆ ಬಿದ್ದದ್ದೇ ತಡ, ನಾನು ಬೆಳೆದ ಊರು ಪೊವೇಯ ಒಂದು ಅಡುಗೆಮನೆಯಲ್ಲಿ ನಿಂತಿರುತ್ತೇನೆ. ಗಾಜಿನ ಜಗ್ಗಿನಲ್ಲಿ ನಿಂಬೆ ಶರಬತ್ತು, ಅದರೊಳಗೆ ನೆನೆದು ಉಬ್ಬಿದ ಕಾಮಕಸ್ತೂರಿ ಬೀಜ, ಮೇಲೆ ನಾಲ್ಕು ಹನಿ ಗುಲಾಬಿ ನೀರು ಬಿಡುತ್ತಿರುವ ಸಕೀನಾ ಆಂಟಿಯ ಕೈ. ಹದಿನೆಂಟು ತುಂಬಿದವಳಿಗೆ ಅದೇನು ಮಹಾ ನೆನಪು ಎಂದು ನೀವು ನಗಬಹುದು. ನಗಿ. ಆದರೆ ಕಣ್ಣೆದುರೇ ಒಂದು ಮನೆ ಇಲ್ಲವಾಗುವುದನ್ನು ನೀವೂ ಕಂಡಿದ್ದರೆ ಅದಕ್ಕೆ ವಯಸ್ಸು ಬೇಕಿಲ್ಲ ಎಂಬುದು ನಿಮಗೆ ಗೊತ್ತಿರುತ್ತದೆ.

ಅವರು ನಮ್ಮ ಪಕ್ಕದ ಮನೆಯವರು. ಫಾರೂಕ್ ಅಂಕಲ್ ಬಳ್ಳಾರಿಯವರು, ಸುನ್ನಿ; ಸಕೀನಾ ಆಂಟಿ ಗೌರಿಬಿದನೂರು ಕಡೆಯವರು, ಶಿಯಾ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರೀತಿಸಿ, ಎರಡೂ ಮನೆಯವರ ಕೈಲಿ ಬೈಸಿಕೊಂಡು ಮದುವೆಯಾದವರು. ಮಕ್ಕಳಿರಲಿಲ್ಲ. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದಾಗ ನನಗೆ ಹನ್ನೆರಡು. ನಮ್ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಆಫೀಸಿನ ಕಾಲ್‌ಗಳಲ್ಲಿ ಕೂಗಾಡುತ್ತಿದ್ದರಿಂದ ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಆಂಟಿಯ ಊಟದ ಮೇಜಿಗೆ ವಲಸೆ ಹೋದೆ. ಕ್ಲಾಸ್ ಮುಗಿದ ಮೇಲೆ ಅವರು ನನಗೆ ಕನ್ನಡ ಬರೆಯಲು ಕಲಿಸುತ್ತಿದ್ದರು. "ಇಂಗ್ಲಿಷಲ್ಲಿ ಉತ್ತರ ಕೊಟ್ರೆ ಊಟ ಇಲ್ಲ, ಮಗಾ" ಎನ್ನುವರು. ಅವರ ಬಿರಿಯಾನಿಯ ರುಚಿ ಹಾಗಿತ್ತು, ಕಲಿಯದೆ ವಿಧಿಯಿರಲಿಲ್ಲ. ಈಗ ಇದನ್ನು ಬರೆಯುತ್ತಿರುವುದೂ ಅವರು ಕಲಿಸಿದ ಅಕ್ಷರದಲ್ಲೇ.

ಆ ವರ್ಷದ ರಂಜಾನ್ ಪೂರ್ತಿ ನಾನು ಅಲ್ಲೇ ಇದ್ದೆ. ಅಂಕಲ್ ಸೂರ್ಯ ಮುಳುಗಿದ ಕೂಡಲೇ ಉಪವಾಸ ಬಿಡಬಹುದಿತ್ತು. ಆಂಟಿಯ ಪದ್ಧತಿಯಲ್ಲಿ ಆಕಾಶದ ಕೆಂಪು ಆರುವವರೆಗೆ, ಇನ್ನೂ ಹದಿನೈದು ನಿಮಿಷ ಕಾಯಬೇಕು. ಹೊತ್ತು ನೋಡುವ ಕೆಲಸ ನನ್ನದು. ಫೋನು ಹಿಡಿದು ಮೊದಲು "ಅಂಕಲ್ ಟೈಮ್!" ಎಂದು ಕೂಗುತ್ತಿದ್ದೆ. ಅಂಕಲ್ ಖರ್ಜೂರ ಕೈಗೆತ್ತಿಕೊಂಡು ಹಾಗೇ ಕೂರುತ್ತಿದ್ದರು, ಬಾಯಿಗಿಡುತ್ತಿರಲಿಲ್ಲ. "ತಿನ್ರೀ, ತಡ ಮಾಡಬಾರ್ದು ಅಂತ ನಿಮ್ಮಲ್ಲೇ ಹೇಳ್ತಾರಲ್ಲ" ಎಂದು ಆಂಟಿ ಗದರಿಸುವರು. "ಇನ್ನೇನ್ ಆಗೇ ಹೋತು ಬಿಡು, ಜೊತೀಗೇ ತಿಂದ್ರಾತು" ಎಂದು ಅವರು ನನ್ನತ್ತ ಕಣ್ಣು ಮಿಟುಕಿಸುವರು. ಹದಿನೈದು ನಿಮಿಷ ನಾವು ಮೂವರೂ ಕಿಟಕಿಯಾಚೆಯ ಗುಡ್ಡ ನೋಡುತ್ತಿದ್ದೆವು. ನಾನು "ಆಂಟಿ ಟೈಮ್!" ಎಂದ ಮೇಲೆಯೇ ಇಬ್ಬರೂ ಬಾಯಿಗೆ ಹಾಕುತ್ತಿದ್ದರು. ಗಂಡ ಹೆಂಡತಿ ಎಂದರೆ ಹೀಗಿರುತ್ತಾರೆ ಎಂದು ನಾನು ಆ ಮೇಜಿನಲ್ಲಿ ತಿಳಿದುಕೊಂಡೆ.

ಆದರೆ ಇಬ್ಬರಿಗೂ ದೂರದಲ್ಲಿ ಒಬ್ಬೊಬ್ಬರು ಒಡಹುಟ್ಟಿದವರಿದ್ದರು. ಆಂಟಿಯ ಅಣ್ಣ ಇರಾನಿನಲ್ಲಿ ಧರ್ಮಶಾಸ್ತ್ರ ಓದುತ್ತಿದ್ದರು. ಅಂಕಲ್‌ನ ತಮ್ಮ ಇಮ್ರಾನ್, ಯೆಮನ್ ಗಡಿಗೆ ಹತ್ತಿರದ ಸೌದಿಯ ಒಂದು ಊರಿನಲ್ಲಿ ಏಸಿ ರಿಪೇರಿ ಮಾಡುತ್ತಿದ್ದ. ಆ ಯೆಮನ್‌ನಲ್ಲಿ ಒಂದು ಬಣದ ಬೆನ್ನಿಗೆ ಇರಾನ್, ಇನ್ನೊಂದರ ಬೆನ್ನಿಗೆ ಸೌದಿ. ಎರಡೂ ತಮ್ಮ ಮನೆ ಕೆಡದ ಹಾಗೆ ಮೂರನೆಯವರ ಅಂಗಳದಲ್ಲಿ ಬಡಿದಾಡುತ್ತಿದ್ದವು. ಆ ರಂಜಾನಿಗೆ ಮೊದಲು, ಜನವರಿಯಲ್ಲಿ, ಇರಾನಿನ ಜನರಲ್ ಒಬ್ಬ ಬಾಗ್ದಾದಿನಲ್ಲಿ ಹತನಾದಾಗ ಆಂಟಿ ಎರಡು ದಿನ ಟಿವಿಯ ಮುಂದೆ ಕೂತು ಅತ್ತಿದ್ದರು. ನಾನು ನೋಡಿದ್ದೆ. ಯಾಕೆ ಎಂದು ಕೇಳಿರಲಿಲ್ಲ.

ಮರುವರ್ಷ ಚಳಿಗಾಲ ಮುಗಿಯುವ ಮೊದಲು ಗಡಿಯಾಚೆಯಿಂದ ಇರಾನ್ ಬೆಂಬಲದ ಬಣ ಹಾರಿಸಿದ ಶೆಲ್ ಒಂದು ಇಮ್ರಾನ್ ಕೆಲಸ ಮಾಡುತ್ತಿದ್ದ ಶೆಡ್ಡಿನ ಮೇಲೆ ಬಿತ್ತು; ಅವನು ಉಳಿಯಲಿಲ್ಲ. ಅಂಕಲ್ ಫೋನು ಹಿಡಿದುಕೊಂಡೇ ಗ್ಯಾರೇಜಿನ ನೆಲದ ಮೇಲೆ ಕುಸಿದರು. ಮೂರನೆಯ ದಿನ ಬಳ್ಳಾರಿಯಿಂದ ಅವರ ತಾಯಿಯ ವಿಡಿಯೋ ಕಾಲ್ ಬಂತು. ಅಂಕಲ್ ಮುಖ ತೊಳೆಯಲು ಹೋಗಿದ್ದರು; ಅಜ್ಜಿಗೆ ನನ್ನ ಪರಿಚಯವಿದ್ದದ್ದರಿಂದ ನಾನೇ ಎತ್ತಿಕೊಂಡೆ. "ನಿಮ್ಮ ಆಂಟಿ ಅತ್ತಳೇನವ್ವಾ ನನ್ನ ಮಗನಿಗೆ?" ಎಂದು ಅಜ್ಜಿ ಕೇಳಿದರು. ಆಂಟಿ ಅತ್ತಿದ್ದರು. ನಾನು ಅಷ್ಟು ಹೇಳಿ ಸುಮ್ಮನಾಗಬೇಕಿತ್ತು. ಅವರದು ಎಂಥ ಮೆತ್ತನೆಯ ಮನಸ್ಸು ಎಂದು ಸಾಬೀತು ಮಾಡುವ ಉಮೇದು ನನಗೆ. "ತುಂಬಾ ಅತ್ರು ಅಜ್ಜಿ. ಆವತ್ತು ಇರಾನ್ ಜನರಲ್ ಸತ್ತಾಗ್ಲೂ ಎರಡು ದಿನ ಅತ್ತಿದ್ರು" ಎಂದೆ. ಅಷ್ಟರಲ್ಲಿ ಅಂಕಲ್ ಬಂದು ಫೋನು ತೆಗೆದುಕೊಂಡರು. ಅಜ್ಜಿ ಉರ್ದುವಿನಲ್ಲಿ ಕೂಗತೊಡಗಿದರು. ಅದರಲ್ಲಿ ನನಗೆ ತಿಳಿದದ್ದು ಆಂಟಿಯ ಹೆಸರೊಂದೇ. ನನ್ನ ಮಗನನ್ನು ಕೊಂದವರಿಗಾಗಿ ಅತ್ತವಳ ಕೈಯಲ್ಲಿ ಅನ್ನ ತಿನ್ನಬೇಡ ಎಂದು ಅವರು ಅಂದದ್ದು ಎಂಬುದು ಬಹಳ ದಿನದ ಮೇಲೆ ಗೊತ್ತಾಯಿತು.

ಆ ಏಪ್ರಿಲಿನಲ್ಲಿ ಮತ್ತೆ ರಂಜಾನ್ ಬಂತು. ನಾನು "ಅಂಕಲ್ ಟೈಮ್" ಎಂದೆ. ಅಂಕಲ್ ಖರ್ಜೂರ ಬಾಯಿಗಿಟ್ಟುಕೊಂಡರು, ನೀರು ಕುಡಿದರು, ಎದ್ದು ನಮಾಜಿಗೆ ಹೋದರು. ಒಂದು ಕೆಟ್ಟ ಮಾತೂ ಆಡಲಿಲ್ಲ. ಆಂಟಿ ತಟ್ಟೆ ನೋಡುತ್ತಾ ಕೂತರು. ಹದಿನೈದು ನಿಮಿಷ ಕಳೆದ ಮೇಲೆ ನಾನು ಕೂಗದೆ ಫೋನನ್ನು ಅವರ ಮುಂದೆ ಸರಿಸಿದೆ. ಮಾರನೆಯ ದಿನದಿಂದ ಅಮ್ಮ ನನ್ನನ್ನು ಅಲ್ಲಿಗೆ ಕಳಿಸಲಿಲ್ಲ. ಬೇಸಿಗೆಯಲ್ಲಿ ಆಂಟಿ ಎರಡು ಸೂಟ್‌ಕೇಸ್ ಕಾರಿಗೆ ಹಾಕಿ ಸ್ಯಾಂಟಾ ಕ್ಲಾರಿಟಾದ ಚಿಕ್ಕಪ್ಪನ ಮಗಳ ಮನೆಗೆ ಹೊರಟರು. ಹೊರಡುವ ಮೊದಲು ನಾನು ಅಳುತ್ತಾ ತಪ್ಪೊಪ್ಪಿಕೊಂಡೆ. ಅವರು ತಲೆ ನೇವರಿಸಿ, "ಆಗ ನಾನು ಅತ್ತಿದ್ದು ಅಣ್ಣನಿಗೆ, ಮಗಾ. ಯುದ್ಧ ಆಗುತ್ತೆ ಅಂತಿದ್ರು, ಅವನ ಫೋನೇ ಸಿಕ್ಕಿರ್ಲಿಲ್ಲ" ಎಂದರು. ಅಂಕಲ್‌ಗೆ ಹೇಳಲಿಲ್ಲವೇ ಎಂದು ಕೇಳಿದೆ. "ಹೇಳ್ದೆ. ಗೊತ್ತು ಅಂದ್ರು. ಗೊತ್ತಿದ್ರೂ ಆಗ್ತಿಲ್ಲ ಅಂದ್ರು." ಆರು ತಿಂಗಳಿಗೆ ಅಂಕಲ್ ಕೂಡ ಡಲ್ಲಾಸಿಗೆ ಹೋದರು. ಆ ಮನೆಯಲ್ಲಿ ಈಗ ಎರಡು ನಾಯಿ ಸಾಕಿದ ಯಾರೋ ಇದ್ದಾರೆ.

ಎರಡು ವರ್ಷದ ಮೇಲೆ ಸೌದಿ ಮತ್ತು ಇರಾನ್ ರಾಜಿಯಾದವೆಂದು ಸುದ್ದಿ ಬಂತು. ಹೈಸ್ಕೂಲಿನ ಹುಡುಗಿಯ ಭೋಳೇತನ ನೋಡಿ, ನಾನು ಕುಣಿದುಕೊಂಡು ಆಂಟಿಗೆ ಫೋನು ಮಾಡಿದೆ. "ಒಳ್ಳೇದಾಯ್ತು ಬಿಡು. ಅವರಿಗೇನು, ಮತ್ತೆ ತೆರೆಯೋಕೆ ಎಂಬಸಿಗಳಿವೆ" ಎಂದಷ್ಟೇ ಅಂದರು. ಡೈವೋರ್ಸ್ ಕಾಗದ ಅವರ ಬೀರುವಿನಲ್ಲಿತ್ತು. ಅಂಕಲ್ ತಾಯಿಯ ಒತ್ತಾಯಕ್ಕೆ ಸೈನ್ ಮಾಡಿ ಕಳಿಸಿದ್ದರು. ಆಂಟಿ ಮಾಡಿರಲಿಲ್ಲ.

ನಾನು ಹೈಸ್ಕೂಲು ಮುಗಿಸಿದ ಬೇಸಿಗೆಯಲ್ಲಿ ಇರಾನಿನ ಮೇಲೆ ಬಾಂಬುಗಳು ಬಿದ್ದವು. ಆಂಟಿಯ ಅಣ್ಣನ ಫೋನು ಮತ್ತೆ ಸಿಗದಾಯಿತು. ನಾನು ಸ್ಯಾಂಟಾ ಕ್ಲಾರಿಟಾಕ್ಕೆ ಡ್ರೈವ್ ಮಾಡಿಕೊಂಡು ಹೋಗಿ ಅವರ ಜೊತೆ ಉಳಿದೆ. ಎರಡನೆಯ ದಿನ ನನಗೆ ಡಲ್ಲಾಸಿನಿಂದ ಕರೆ. "ಅವಳ ಅಣ್ಣ ಸಿಕ್ಕಾರೇನಮ್ಮಾ? ನಾ ಕೇಳ್ದೆ ಅಂತ ಮಾತ್ರ ಹೇಳ್ಬೇಡ. ನಮ್ಮಮ್ಮ ಇರೋ ತನಕ ನನ್ನ ಕೈಲಿ ಏನೂ ಆಗಲ್ಲ, ಸುಮ್ನೆ ಆಸೆ ಹುಟ್ಟಿಸಿದಂಗೆ ಆಗ್ತದ. ಮಾತು ಕೊಡು." ಕೊಟ್ಟೆ. ಅವರು ದಿನವೂ ಕರೆ ಮಾಡಿದರು, ಕೆಲವು ದಿನ ಎರಡೆರಡು ಸಲ. ನಾನು ಹಿತ್ತಿಲಿಗೆ ಹೋಗಿ ಮಾತಾಡಿ ಬರುತ್ತಿದ್ದೆ. ಕೊನೆಗೊಂದು ದಿನ ಅಣ್ಣ ಸಿಕ್ಕರು, ಜೀವಂತವಾಗಿದ್ದರು. ನಾನು ಹೇಳಿದಾಗ ಅಂಕಲ್ ಫೋನಿನಲ್ಲೇ ಬಿಕ್ಕಿದರು.

ಆ ಸಂಜೆ ಆಂಟಿ ಬೀರುವಿನಿಂದ ಕಾಗದ ತೆಗೆದು ಮೇಜಿನ ಮೇಲೆ ಹರಡಿದರು. "ಇಷ್ಟು ದಿನದಲ್ಲಿ ಒಂದು ಸಲ ಬದುಕಿದಾನಾ ಸತ್ತನಾ ಅಂತ ಅವರು ಕೇಳ್ಳಿಲ್ಲ ನೋಡು ಮಗಾ. ಕೇಳ್ತಾರೆ ಅಂತ ಕಾದೆ. ಇನ್ನು ಮುಗಿಸ್ತೀನಿ" ಎಂದರು. ಅಂಕಲ್ ದಿನವೂ ಕೇಳಿದ್ದು ನನ್ನ ನಾಲಗೆಯ ತುದಿಯಲ್ಲಿತ್ತು. ಮಾತಾಡಿ ಆ ಮನೆ ಕೆಡಿಸಿದವಳು ನಾನು. ಕೊಟ್ಟ ಮಾತು ಮುರಿಯಲು ಧೈರ್ಯ ಬರಲಿಲ್ಲ. ಆಂಟಿ ಸುತ್ತ ನೋಡಿ ಪೆನ್ನಿದೆಯಾ ಎಂದು ಕೇಳಿದರು. ನನ್ನ ಬ್ಯಾಗಿನಿಂದ ತೆಗೆದು ಕೊಟ್ಟೆ.