ಮೇಸ್ತ್ರಿಯ ಎರಡು ಜೊತೆ ಕಾಲು

ಕೃತಕ ಕಾಲು ಮಾಡುವ ಮೇಸ್ತ್ರಿಗೆ ಹುಟ್ಟಿನಿಂದ ಬಂದ ಮೈಯೆಂದರೆ ಅಷ್ಟಕ್ಕಷ್ಟೇ. "ಮನುಷ್ಯರ ಮಂಡಿ ನೋಡಿ, ಅರವತ್ತಕ್ಕೇ ಕಿರ್ ಅನ್ನುತ್ತೆ. ಇಂಥ ಮಾಲು ನಾನು ಕೊಟ್ಟಿದ್ರೆ ಗಿರಾಕಿ ಸುಮ್ನೆ ಬಿಡ್ತಿದ್ನಾ?" ಎಂದು ಸೃಷ್ಟಿಕರ್ತನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ. ಎರಡೂ ಕಾಲು ಕಳೆದುಕೊಂಡವರು ಅಳುಮುಖ ಹೊತ್ತು ಬಂದರೆ, ಟೇಪು ಹಿಡಿದು ಮೊದಲು ಕೇಳುವುದು, "ಎಷ್ಟು ಎತ್ತರ ಹಾಕ್ಲಿ? ಸಂಕೋಚ ಬೇಡ!" ಬಂದವರು ನಕ್ಕುಬಿಡುತ್ತಾರೆ, ಅರ್ಧ ನಡಿಗೆ ಅಲ್ಲೇ ಕಲಿತಂತೆ. ತಮ್ಮ ಎರಡೂ ಕಾಲು ಯಂತ್ರಕ್ಕೆ ಸಿಕ್ಕಿ ಹೋದ ಮೇಲೆ ಐದಡಿಯ ಮೇಸ್ತ್ರಿ ಆರಡಿಯಾದರು. ಅಟ್ಟದ ಡಬ್ಬಿಗೆ ಏಣಿ ಹುಡುಕುವವರನ್ನು ಕಂಡರೆ ಅವರಿಗೆ ಅಯ್ಯೋ ಪಾಪ ಎನಿಸುತ್ತದೆ. ಸಂಜೆ ಮಾತ್ರ ಉದ್ದ ಕಾಲನ್ನು ಅಂಗಡಿಯಲ್ಲೇ ಬಿಚ್ಚಿಟ್ಟು, ಹಳೆಯ ಅಳತೆಯ ಗಿಡ್ಡ ಕಾಲು ತೊಟ್ಟು ಮನೆಗೆ ನಡೆಯುತ್ತಾರೆ. ಕಣ್ಣು ಕಾಣದ ಅಮ್ಮ ಬಾಗಿಲಲ್ಲೇ ಮಗನ ತಲೆ ಸವರಲು ಕೈ ಚಾಚುತ್ತಾಳೆ; ಆ ಕೈ ಒಂದು ದಿನವೂ ತಡಕಾಡಬಾರದು.