ತೆಂಗಿನ ಮರ ಇದ್ದ ಜಾಗ

“ಇಲ್ಲೊಂದು ತೆಂಗಿನ ಮರ ಇತ್ತಲ್ಲಮ್ಮ, ಎಲ್ಲೋಯ್ತು?”

ಹೋದ ವರ್ಷ ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ನಿಂತು ಹೀಗೆ ಕೇಳಿದವರು ಗುರುತಿಲ್ಲದ ಒಬ್ಬ ಅಜ್ಜಿ. ಕೈಯಲ್ಲಿ ಬಾಳೆಎಲೆ, ವಡೆ ಪಾಯಸದ ಡಬ್ಬಿ, ಒಂದು ಕಟ್ಟು ಬೀಡಿ. ರಿಂಗ್ ರಸ್ತೆಯಾಚೆಯ ನಮ್ಮ ಬಡಾವಣೆ ಮೊದಲು ಅವರ ಹೊಲವಾಗಿತ್ತಂತೆ. ಗಂಡನನ್ನು ಆ ಹೊಲದಲ್ಲೇ ಮಣ್ಣು ಮಾಡಿ, ತಲೆಯ ಕಡೆಗೆ ತೆಂಗಿನ ಸಸಿ ನೆಟ್ಟಿದ್ದರಂತೆ. ಸೈಟು ಖಾಲಿ ಇರುವವರೆಗೂ ಪ್ರತಿ ವರ್ಷ ರಾಜೀವನಗರದ ಬಾಡಿಗೆ ಮನೆಯಿಂದ ಬಂದು ಎಡೆ ಇಟ್ಟು ಹೋಗುತ್ತಿದ್ದರಂತೆ.

“ಹೊಲ ಹೋದ್ಮೇಲೆ ಊರಲ್ಲಿ ಏನ್ ಮಾಡದು ಕಣಮ್ಮ. ಮಕ್ಕಳು ಕೆಲಸ ಸಿಕ್ಕಿದ ಕಡೆ ಹೊಂಟೋದ್ರು. ನಮ್ಮ ಯಜಮಾನ್ರೊಬ್ರೇ ಇಲ್ಲಿ ಉಳ್ಕಂಡ್ರು,” ಎನ್ನುತ್ತಾ ಅಂಗಳದಲ್ಲಿ ಕಣ್ಣಾಡಿಸಿದರು.

ಆ ಮರ ಕಡಿಸಿದ್ದು ನಾವೇ. ಕಾರು ನಿಲ್ಲಿಸಲು ಅಡ್ಡ ಬರುತ್ತಿತ್ತು. ಅದನ್ನು ಹೇಳದೆ ನಲ್ಲಿಯ ಪಕ್ಕದ ಮೂಲೆ ತೋರಿಸಿ, ಇಲ್ಲೇ ಇತ್ತು ಎಂದುಬಿಟ್ಟೆ. ಅಜ್ಜಿ ಅಲ್ಲೇ ಎಲೆ ಹಾಸಿ ಬಡಿಸಿದರು, ಒಂದು ಬೀಡಿ ಹಚ್ಚಿಟ್ಟರು, ಸಿಮೆಂಟಿನ ನೆಲಕ್ಕೆ ಹಣೆ ಮುಟ್ಟಿಸಿದರು. ಅವರ ಬೆನ್ನ ಹಿಂದೆ, ನಿಜವಾದ ಜಾಗದ ಮೇಲೆ, ನಮ್ಮ ಕಾರು ನಿಂತಿತ್ತು.

ಈ ಸಲದ ಅಮಾವಾಸ್ಯೆಗೆ ನಿಜ ಹೇಳಿಬಿಡೋಣವೆಂದು ಕಾರನ್ನು ಬೀದಿಗೆ ತೆಗೆಸಿ, ನೆಲ ತೊಳೆದು, ಸಂಜೆಯವರೆಗೂ ಗೇಟು ತೆರೆದಿಟ್ಟು ಕಾದೆ. ಅಜ್ಜಿ ಬರಲಿಲ್ಲ.